ಅಡುಗೆ ಬೇರೆ

ಮಗನನ್ನು ಕಾಗದದ ಮೇಲೆ ಬೇರೆ ಹಾಕುವ ಮಾತಿಗೆ ದಕ್ಷಿಣಾಮೂರ್ತಿ ಮೊದಲು ಒಪ್ಪಿರಲಿಲ್ಲ. ಒಪ್ಪಿಸಿದವಳು ಶಾರದಾ. ಆಮೇಲೆ ಮನೆಯಲ್ಲಿ ಯಾರು ಯಾರನ್ನು ದೂರಿದರೂ ಈ ಒಂದು ವಿಷಯದಲ್ಲಿ ಅವಳು ತನಗೆ ತಾನೇ ಸುಳ್ಳು ಹೇಳಿಕೊಳ್ಳಲಿಲ್ಲ.

ಎರಡು ಸಾವಿರದ ಏಳನೇ ಇಸವಿಯ ಏಪ್ರಿಲ್ ತಿಂಗಳು. ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಮೂವತ್ತಾರು ವರ್ಷ ಗುಮಾಸ್ತರಾಗಿದ್ದ ದಕ್ಷಿಣಾಮೂರ್ತಿ ನಿವೃತ್ತರಾಗಿ ಮೂರು ವರ್ಷವಾಗಿತ್ತು. ಅಷ್ಟು ವರ್ಷವೂ ಲೋಧಿ ಕಾಲೋನಿಯ ಸರ್ಕಾರಿ ಮನೆಯಲ್ಲಿ, ಬೇವಿನ ಮರದ ನೆರಳಿನಲ್ಲಿ ಬದುಕಿದವರು ನಿವೃತ್ತಿ ಹತ್ತಿರವಾದಾಗ ಗಾಬರಿಬಿದ್ದು ನೌಕರರ ಸಹಕಾರಿ ಬ್ಯಾಂಕೊಂದರಲ್ಲಿ ಸಾಲ ತೆಗೆದು ರೋಹಿಣಿಯಲ್ಲಿ ಎರಡು ಕೋಣೆಯ ಫ್ಲ್ಯಾಟು ಕೊಂಡಿದ್ದರು. ಎರಡನೇ ಮಹಡಿ, ಲಿಫ್ಟಿಲ್ಲ. ಬೆಳಿಗ್ಗೆ ಐದಕ್ಕೆ ಒಂದೇ ಗಂಟೆ ನೀರು. ಆದರೂ ಸ್ವಂತದ್ದು. ತುಮಕೂರಿಗೆ ಹೋದಾಗಲೆಲ್ಲ ಶಾರದಾ ತನ್ನ ಅಕ್ಕತಂಗಿಯರ ಮುಂದೆ "ದಿಲ್ಲಿಯಲ್ಲಿ ನಮ್ಮ ಮನೆ" ಎಂದು ಹೇಳುವಾಗ ಅವಳ ದನಿ ತುಸು ಎತ್ತರಕ್ಕೆ ಹೋಗುತ್ತಿತ್ತು.

ಸಾಲ ದಕ್ಷಿಣಾಮೂರ್ತಿಯ ಒಬ್ಬರ ಹೆಸರಿನಲ್ಲಿತ್ತು. ಮೂರು ಸಾವಿರದ ಆರುನೂರಿದ್ದ ಕಂತು ಬಡ್ಡಿಯ ಜೊತೆ ಏರುತ್ತ ಏರುತ್ತ ನಾಲ್ಕು ಸಾವಿರದ ಒಂಬೈನೂರಕ್ಕೆ ಬಂದಿತ್ತು. ಪೆನ್ಷನ್ನು ಐದು ಸಾವಿರದ ಎಂಟುನೂರು. ಅವಧಿಯನ್ನಾದರೂ ಉದ್ದ ಮಾಡಿ ಎಂದರೆ ಅರವತ್ತು ದಾಟಿದವರಿಗೆ ಆಗುವುದಿಲ್ಲ ಎಂದಿತ್ತು ಬ್ಯಾಂಕು. ಮನೆ ನಡೆಯುತ್ತಿದ್ದದ್ದು ಮಗ ಚರಣ್ ಕೊಡುತ್ತಿದ್ದ ನಾಲ್ಕೂವರೆ ಸಾವಿರದಲ್ಲಿ. ಅವನಿಗೆ ಒಂದು ಕೊರಿಯರ್ ಕಂಪನಿಯಲ್ಲಿ ಸೂಪರ್‌ವೈಸರ್ ಕೆಲಸ, ಎಂಟೂವರೆ ಸಾವಿರ ಸಂಬಳ. ಹೆಂಡತಿ ಅಮೂಲ್ಯ ದಿಲ್ಲಿಯಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ. ಪಕ್ಕದ ಸೆಕ್ಟರಿನ ಪ್ಲೇಸ್ಕೂಲಿನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಅವರ ಮಗ ಸಾತ್ವಿಕ್‌ಗೆ ನಾಲ್ಕು ವರ್ಷ. ಆ ಚಳಿಗಾಲದಲ್ಲಿ ಮಗುವಿಗೆ ನ್ಯುಮೋನಿಯಾ ಆಗಿ ಆಸ್ಪತ್ರೆಗೆ ಹಣ ಕಟ್ಟಿದ್ದರಿಂದ ಎರಡು ಕಂತು ತಪ್ಪಿತು. ಮೂರನೆಯದೂ ತಪ್ಪಿದಾಗ ನೋಟೀಸು ಬಂತು.

ನೋಟೀಸು ಹಿಡಿದು ಬ್ಯಾಂಕಿಗೆ ಹೋದ ದಕ್ಷಿಣಾಮೂರ್ತಿಗೆ ಅಲ್ಲಿ ಸಾಲದ ವಿಭಾಗದಲ್ಲಿ ಸಿಕ್ಕವರು ಕೇಶವಮೂರ್ತಿ. ಚಿತ್ರದುರ್ಗದವರು, ಕನ್ನಡ ಸಂಘದ ಯುಗಾದಿ ಊಟದಲ್ಲಿ ನೋಡಿ ಗೊತ್ತಿದ್ದವರು. ಅವರು ಹೇಳಿದ್ದನ್ನು ದಕ್ಷಿಣಾಮೂರ್ತಿ ಅಂದು ಸಂಜೆ ಊಟಕ್ಕೆ ಕೂತಾಗ ಮನೆಯವರ ಮುಂದಿಟ್ಟರು.

"ಕಡಿಮೆ ವರಮಾನದ ಪೆನ್ಷನ್‌ದಾರರಿಗೆ ಒಂದು ರಿಯಾಯಿತಿ ಇದೆಯಂತೆ. ಕಂತಿನಲ್ಲಿ ಸಾವಿರದ ಏಳುನೂರು ಕಡಿಮೆ ಆಗತ್ತೆ, ಮೂರು ವರ್ಷ. ತಪ್ಪಿದ ಕಂತನ್ನೂ ಕೊನೆಗೆ ಸೇರಿಸ್ತಾರಂತೆ."

"ಮತ್ತೆ ಹಾಕೋದು ತಾನೆ ಅಪ್ಪ ಅರ್ಜಿನ" ಎಂದ ಚರಣ್, ಟಿಂಡಾ ಪಲ್ಯವನ್ನು ಚಪಾತಿಯಲ್ಲಿ ಸುತ್ತುತ್ತ.

"ನಮಗೆ ಬರಲ್ಲ. ಮನೆಯವರೆಲ್ಲರ ವರಮಾನ ಸೇರಿ ಆರು ಸಾವಿರದ ಒಳಗಿರಬೇಕು. ನಿನ್ನ ಸಂಬಳ ಸೇರಿದರೆ ಎಲ್ಲಿಗೆ ಹೋಗತ್ತೆ ನೋಡು."

"ಬೇರೆ ಇದ್ರೆ?" ಎಂದಳು ಶಾರದಾ.

ದಕ್ಷಿಣಾಮೂರ್ತಿ ಮಜ್ಜಿಗೆಯ ಲೋಟ ಕೆಳಗಿಟ್ಟರು. "ಕೇಶವಮೂರ್ತಿ ಹಾಗೇ ಅಂದ್ರು. ಅಡುಗೆ ಬೇರೆ ಇರಬೇಕು, ಅಷ್ಟೆ. ಒಂದೇ ಒಲೆ ಆದರೆ ಒಂದೇ ಸಂಸಾರ. ಒಲೆ ಎರಡಾದರೆ ಸಂಸಾರ ಎರಡು. ಮಗ ಬೇರೆ ಇದ್ದಾನೆ, ನಮಗೆ ಏನೂ ಕೊಡಲ್ಲ ಅಂತ ಒಂದು ಅಫಿಡವಿಟ್. ರೇಷನ್ ಕಾರ್ಡಿನಿಂದ ಹೆಸರು ತೆಗೆಸಬೇಕು. ನಾನು ಆಗಲ್ಲ ಅಂದೆ."

"ಯಾಕೆ ಅಂದ್ರಿ?"

"ಯಾಕೆ ಅಂತ ಕೇಳ್ತೀಯಲ್ಲೆ! ಇರೋ ಮಗನನ್ನ ಇಲ್ಲ ಅಂತ ಬರೆದು ಕೊಡಲಾ? ಕಾಗದ ಅಂದ್ರೆ ಏನು ಅಂತ ನಿನಗೆ ಗೊತ್ತಿಲ್ಲ. ಮೂವತ್ತಾರು ವರ್ಷ ಅದನ್ನೇ ನೋಡಿದೀನಿ ನಾನು. ಎದುರಿಗೆ ಮನುಷ್ಯ ನಿಂತಿದ್ರೂ ಫೈಲಿನಲ್ಲಿ ಸತ್ತಿದಾನೆ ಅಂತಿದ್ರೆ ಸತ್ತ ಹಾಗೇ."

"ಕಾಗದದ ಮೇಲೆ ತಾನೇರಿ? ಚರಣ್ ಎಲ್ಲಿಗೆ ಹೋಗ್ತಾನೆ? ಮನೆ ಹೋದ್ರೆ ಕಾಗದ ಇಟ್ಕೊಂಡು ಏನು ಮಾಡ್ತೀರಿ, ಅದರ ಕೆಳಗೆ ಮಲಗ್ತೀರಾ?"

ಚರಣ್ ನಕ್ಕ. ಅಮೂಲ್ಯ ನಗಲಿಲ್ಲ. "ಅತ್ತೆ, ಯಾರಾದರೂ ಚೆಕ್ ಮಾಡೋಕೆ ಬಂದ್ರೆ?" ಎಂದು ಕೇಳಿದಳು.

"ಬರ್ತಾರೆ. ಒಂದು ಸಲ" ಎಂದರು ದಕ್ಷಿಣಾಮೂರ್ತಿ.

"ಬಂದು ಹೋಗಲಿ. ಅಷ್ಟು ದಿನ ಎಲ್ಲಾದರೂ ಇದ್ದು ಬಂದರಾಯ್ತು" ಎಂದು ಶಾರದಾ ಎದ್ದು ಅನ್ನದ ಪಾತ್ರೆ ತರಲು ಹೋದಳು. ಆ ವಾರವೆಲ್ಲ ಅವಳು ಅದನ್ನೇ ಹೇಳಿದಳು. ನೀರು ಹಿಡಿಯುವಾಗ ಹೇಳಿದಳು, ತರಕಾರಿ ಹೆಚ್ಚುವಾಗ ಹೇಳಿದಳು. ಭಾನುವಾರ ದಕ್ಷಿಣಾಮೂರ್ತಿ ಸೋತು, "ನೀನೂ ಬಾ, ಸಾಕ್ಷಿ ಹಾಕು" ಎಂದರು.

ಕೋರ್ಟಿನ ಹೊರಗೆ ಮರದಡಿ ಸಾಲಾಗಿ ಕೂತ ಟೈಪಿಸ್ಟರಲ್ಲಿ ಒಬ್ಬನ ಮುಂದಿನ ಸ್ಟೂಲಿನ ಮೇಲೆ ದಕ್ಷಿಣಾಮೂರ್ತಿ ಕೂತರು. ಶಾರದಾ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ನಿಂತಳು. ಮೇ ತಿಂಗಳ ಬಿಸಿಗಾಳಿ ಕಾಗದಗಳನ್ನು ಎಬ್ಬಿಸುತ್ತಿತ್ತು. ಟೈಪಿಸ್ಟ್ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ಸಮಝ್ ಗಯಾ ಬಾವುಜೀ, ಲಡಕೇ ಕೋ ಅಲಗ್ ಕರ್ನಾ ಹೈ" ಎಂದು ಮಗನನ್ನು ಬೇರೆ ಹಾಕಲು ತನ್ನಲ್ಲಿದ್ದ ಹಳೆಯ ಮಾದರಿಯೊಂದನ್ನು ನೋಡಿಕೊಂಡು ಟಕಟಕ ಹೊಡೆದು ಮುಗಿಸಿದ.

ಶಾರದಾಗೆ ಹಿಂದಿ ಓದಲು ಬರುತ್ತಿತ್ತು. 'ಮೇರಾ ಪುತ್ರ ಮೇರೇ ಕೆಹನೇ-ಸುನನೇ ಸೇ ಬಾಹರ್ ಹೈ' ಎಂದಿತ್ತು ಮೂರನೇ ಸಾಲಿನಲ್ಲಿ. ನನ್ನ ಮಗ ನನ್ನ ಅಂಕೆಯಲ್ಲಿಲ್ಲ. ಅವನು, ಅವನ ಹೆಂಡತಿ ನಮ್ಮೊಡನೆ ಕೆಟ್ಟದಾಗಿ ನಡೆದುಕೊಳ್ಳುವುದರಿಂದ ಅವರ ಜೊತೆ ಕೊಡುಕೊಳ್ಳುವುದು, ಉಣ್ಣುವುದು ಯಾವುದೂ ಇಲ್ಲ.

"ಹೀಗೆಲ್ಲ ನಾವು ಹೇಳಲಿಲ್ಲವಲ್ಲ" ಎಂದಳು.

"ಮಾತಾಜೀ, ಇದೇ ಫಾರ್ಮ್ಯಾಟ್. ಎಲ್ಲರೂ ಹೀಗೇ ಬರೆಸೋದು. ಬದಲಾಯಿಸಬೇಕಾದರೆ ಹೊಸ ಸ್ಟ್ಯಾಂಪ್ ಪೇಪರ್ ತನ್ನಿ" ಎಂದ ಅವನು ಹಿಂದಿಯಲ್ಲಿ.

ದಕ್ಷಿಣಾಮೂರ್ತಿ ಹೆಂಡತಿಯ ಮುಖ ನೋಡಿದರು. ಸ್ಟ್ಯಾಂಪ್ ಪೇಪರಿನ ಸಾಲು ಬೀದಿಯ ತಿರುವಿನವರೆಗೂ ಇತ್ತು. ಬಿಸಿಲು ತಲೆ ಸುಡುತ್ತಿತ್ತು. "ಇರಲಿ ಬಿಡಿ, ಬ್ಯಾಂಕಿನವರು ಬಿಟ್ಟು ಇನ್ಯಾರು ಓದ್ತಾರೆ" ಎಂದು ಅವಳೇ ಮೊದಲು ಸಹಿ ಹಾಕಿದಳು.

ಆದರೆ ಅಮೂಲ್ಯ ಓದಿದಳು. ಹೊಸ ರೇಷನ್ ಕಾರ್ಡಿಗೆ ಅರ್ಜಿ ಹಾಕಲು ಅದರ ನಕಲು ಬೇಕಾಯಿತು. ಝೆರಾಕ್ಸ್ ಅಂಗಡಿಯಿಂದ ಬಂದವಳು ಕಾಗದವನ್ನು ಗಂಡನ ಕೈಗೆ ಕೊಟ್ಟು ಒಳಗೆ ಹೋಗಿ ಹಾಸಿಗೆಯ ಚಾದರ ಕೊಡವತೊಡಗಿದಳು. ಚರಣ್ ಎರಡು ಸಲ ಓದಿದ.

"ಅಮ್ಮ, ಕೆಟ್ಟದಾಗಿ ನಡ್ಕೊಳ್ತೀವಿ ಅಂತ ಯಾಕೆ ಬರೆಸಿದ್ರಿ?"

"ಅದು ಅವರ ಫಾರ್ಮ್ಯಾಟು ಕಣೋ."

"ಅಚ್ಛಾ, ಫಾರ್ಮ್ಯಾಟು" ಎಂದ ಚರಣ್.

ವಿಚಾರಣೆಗೆ ಯಾವ ದಿನ ಬರುತ್ತಾರೆಂದು ಮೊದಲೇ ತಿಳಿಸುವುದಿಲ್ಲ, ಎರಡು ಮೂರು ವಾರದೊಳಗೆ ಎಂದಷ್ಟೇ ಕೇಶವಮೂರ್ತಿ ಹೇಳಿದ್ದರು. ಹಾಗಾಗಿ ಮೇ ಕೊನೆಯಲ್ಲಿ ಚರಣ್ ಬುದ್ಧ ವಿಹಾರದಲ್ಲಿ ಒಂದು ಕೋಣೆ ಹಿಡಿದ. ರೋಹಿಣಿಯ ಅಗಲ ರಸ್ತೆ ಮುಗಿದು ಚರಂಡಿ ದಾಟಿದರೆ ಸಿಗುವ ಇಕ್ಕಟ್ಟಿನ ಗಲ್ಲಿ. ಸೈಕಲ್ ರಿಕ್ಷಾದಲ್ಲಿ ಅರ್ಧ ಗಂಟೆ. ಬಾಡಿಗೆ ಸಾವಿರದ ಎಂಟುನೂರು. ನೀರು ಟ್ಯಾಂಕರಿನಲ್ಲಿ.

"ಹದಿನೈದು ದಿನಕ್ಕೆ ಅಂತ ಮಂಚ, ಕೂಲರು ಎಲ್ಲ ಹೊತ್ಕೊಂಡು ಹೋಗೋದಾ?" ಎಂದಳು ಅಮೂಲ್ಯ.

"ಇಲ್ಲಿ ಇದ್ದರೆ ಕಾಣತ್ತಲ್ಲಮ್ಮ. ಎರಡು ಮಂಚ, ಎರಡು ಸಿಲಿಂಡರು ನೋಡಿದರೆ ಬಂದವರು ಕೇಳದೆ ಇರ್ತಾರಾ? ಸ್ವಲ್ಪ ದಿನ. ಸಾತ್ವಿಕ್ ಹಗಲು ನನ್ನ ಹತ್ತಿರವೇ ಇರ್ತಾನೆ. ಅಡುಗೆ ನಾನೇ ಮಾಡಿ ಕಳಿಸ್ತೀನಿ."

ಟೆಂಪೋ ಹೋದ ಮೇಲೆ ಶಾರದಾ ಮನೆಯಲ್ಲಿ ಸೊಸೆ ಮೊಮ್ಮಗನ ಗುರುತುಗಳನ್ನು ಒಂದೊಂದಾಗಿ ತೆಗೆದಳು. ಫ್ರಿಜ್ಜಿಗೆ ಮಗು ಅಂಟಿಸಿದ್ದ ಕಾರ್ಟೂನುಗಳನ್ನು ಚಾಕುವಿನಿಂದ ಕೆರೆದಳು. ಬಚ್ಚಲಿನಲ್ಲಿ ಎರಡೇ ಟೂತ್‌ಬ್ರಶ್ ಉಳಿಸಿದಳು. ತಟ್ಟೆಗಳಲ್ಲಿ ಮೂರನ್ನು ಮೇಲಿನ ಅಟ್ಟಕ್ಕೆ ಹಾಕಿದಳು. ಮೊಮ್ಮಗನಿಗೆ ಪಾಠ ಹೇಳಿಕೊಟ್ಟವಳೂ ಅವಳೇ. ಯಾರಾದರೂ ಕೇಳಿದರೆ ಏನು ಹೇಳಬೇಕು? "ನಾನು ಇಲ್ಲಿರಲ್ಲ, ಅಜ್ಜಿನ ನೋಡೋಕೆ ಬಂದಿದೀನಿ." ಎರಡೇ ದಿನದಲ್ಲಿ ಮಗು ಅದನ್ನು ಹಿಂದಿಯಲ್ಲೂ ಕಲಿತ.

ಜೂನ್ ಪೂರ್ತಿ ಯಾರೂ ಬರಲಿಲ್ಲ. ಶಾರದಾ ಬೆಳಿಗ್ಗೆ ಐದಕ್ಕೆ ನೀರು ಹಿಡಿದು, ಐವರಿಗೂ ಅಡುಗೆ ಮಾಡಿ, ಹುಳಿ ಪಲ್ಯವನ್ನು ಸ್ಟೀಲ್ ಕ್ಯಾರಿಯರಿಗೆ ತುಂಬಿ ರಿಕ್ಷಾ ಹತ್ತುತ್ತಿದ್ದಳು. ಬರುಹೋಗುವ ರಿಕ್ಷಾಕ್ಕೆ ಮೂವತ್ತು ರೂಪಾಯಿ. ನಾಲ್ಕು ದಿನಕ್ಕೊಮ್ಮೆ ನಡೆದೇ ಹೋದಳು. ಮೂರನೇ ವಾರದ ಒಂದು ದಿನ ಹೋದಾಗ ಆ ಕೋಣೆಯಲ್ಲಿ ಕುಕ್ಕರು ಕೂಗುತ್ತಿತ್ತು.

"ರಾಜ್ಮಾ ಮಾಡಿದೀನಿ ಅತ್ತೆ" ಎಂದಳು ಅಮೂಲ್ಯ. "ನೀವು ದಿನಾ ತರಬೇಡಿ. ಇಲ್ಲಿ ಫ್ರಿಜ್ ಇಲ್ಲ, ರಾತ್ರಿಗೆ ಹಾಳಾಗತ್ತೆ."

"ಸಾತ್ವಿಕ್‌ಗೆ ರಾಜ್ಮಾ ಆಗಲ್ಲ, ಹೊಟ್ಟೆ ಉಬ್ಬರ ಬರತ್ತೆ."

"ಬರಲ್ಲ ಅತ್ತೆ. ತಿಂತಾನೆ."

ಕೋಣೆ ಕಾದ ಹೆಂಚಿನಂತಿತ್ತು. ಆದರೂ ಗೋಡೆಗೆ ಸೊಸೆ ಹಸಿರು ಬಟ್ಟೆಯ ಪರದೆ ಹಾಕಿದ್ದಳು, ಕಿಟಕಿಯಲ್ಲಿ ಎರಡು ಡಬ್ಬಿಯಲ್ಲಿ ಮನಿ ಪ್ಲ್ಯಾಂಟ್ ಇಟ್ಟಿದ್ದಳು. ಸ್ಟೌವಿನ ಪಕ್ಕ ಮಸಾಲೆ ಡಬ್ಬಗಳನ್ನು ತನಗೆ ಬೇಕಾದ ಹಾಗೆ ಜೋಡಿಸಿಕೊಂಡಿದ್ದಳು. ಹದಿನೈದು ದಿನಕ್ಕೆಂದು ಬಂದವಳು ಪರದೆ ಯಾಕೆ ಹಾಕಿದಳು ಎಂದು ಶಾರದಾ ದಾರಿಯುದ್ದಕ್ಕೂ ಯೋಚಿಸಿದಳು. ತಂದಿದ್ದ ಹುಳಿಯನ್ನು ಹಾಗೇ ಹೊತ್ತು ವಾಪಸು ಬಂದಳು; ರಾತ್ರಿ ಗಂಡ ಹೆಂಡತಿ ಇಬ್ಬರೇ ಅದನ್ನು ಉಂಡರು.

ತ್ಯಾಗಿ ಎಂಬ ಬ್ಯಾಂಕಿನ ಮನುಷ್ಯ ಬಂದದ್ದು ಜುಲೈ ಎರಡನೇ ವಾರ, ಬೆಳಿಗ್ಗೆ ಹನ್ನೊಂದಕ್ಕೆ. ಸಾತ್ವಿಕ್‌ಗೆ ಸಣ್ಣಗೆ ಜ್ವರ. ಅಮೂಲ್ಯ ಅವನನ್ನು ಅಜ್ಜಿಯ ಹತ್ತಿರ ಬಿಟ್ಟು ಕೆಲಸಕ್ಕೆ ಹೋಗಿದ್ದಳು. ದಕ್ಷಿಣಾಮೂರ್ತಿ ಹಾಲಿನ ಬೂತಿಗೆ ಹೋಗಿದ್ದರು. ತ್ಯಾಗಿ ದಪ್ಪನೆಯ ಮನುಷ್ಯ, ಎರಡು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದ. ಬಾಗಿಲು ತೆರೆದಿಟ್ಟೇ ಕೂತು ನೀರು ಕುಡಿದ. ಕೆಟ್ಟವನೇನಲ್ಲ. ಎದ್ದು ಅಡುಗೆಮನೆ ನೋಡಿದ, ಸಿಲಿಂಡರು ನೋಡಿದ, ಬಚ್ಚಲು ನೋಡಿದ. ದಿವಾನದ ಮೇಲೆ ಮಲಗಿದ್ದ ಮಗುವನ್ನು ಕಂಡು, "ಇವನು ಯಾರು?" ಎಂದು ಹಿಂದಿಯಲ್ಲಿ ಕೇಳಿದ.

ಶಾರದಾ ಬಾಯಿ ತೆರೆಯುವ ಮೊದಲೇ ಸಾತ್ವಿಕ್ ಎದ್ದು ಕೂತ. "ಮೈ ಯಹಾಂ ನಹೀ ರೆಹತಾ. ದಾದೀ ಕೋ ದೇಖನೇ ಆಯಾ ಹೂಂ" ಎಂದ. ಸ್ವಲ್ಪ ತಡೆದು, ಯಾರೂ ಹೇಳಿಕೊಡದ ಮಾತೊಂದನ್ನು ಸೇರಿಸಿದ. "ಪಪ್ಪಾ ಗಂದೇ ಹೈ. ತಾತನ ಮಾತು ಕೇಳಲ್ಲ. ಪೇಪರ್ ಮೇ ಲಿಖಾ ಹೈ." ಪಪ್ಪ ಕೆಟ್ಟವರು, ಹಾಗೆಂದು ಕಾಗದದಲ್ಲೇ ಬರೆದಿದೆ ಎಂದು.

ತ್ಯಾಗಿ ಮಗುವಿನ ಕೆನ್ನೆ ತಟ್ಟಿ ಶಾರದಾಳ ಕಡೆ ಕನಿಕರದಿಂದ ನೋಡಿದ. "ಮಗ ಏನೂ ಕೊಡುವುದಿಲ್ಲವೇ?"

"ಇಲ್ಲ" ಎಂದಳು ಶಾರದಾ.

"ಒಬ್ಬನೇ ಮಗ. ಯಾಕೆ ಹೀಗಾಯಿತು? ಸೊಸೆಯಿಂದಲೋ?"

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಅವನು ಫಾರಮು ಮೊಣಕಾಲ ಮೇಲಿಟ್ಟುಕೊಂಡು ಪೆನ್ನು ಹಿಡಿದು ಕಾಯುತ್ತಿದ್ದ. ನಂಬಲಿಲ್ಲವೇನೋ ಎಂದು ಶಾರದಾಗೆ ಭಯವಾಯಿತು. ಹೌದು ಎಂದಳು. ಸೊಸೆ ಬಂದ ದಿನದಿಂದ ಹೀಗೇ ಎಂದಳು. ಬೆಳಿಗ್ಗೆ ನೀರು ಹಿಡಿಯಲು ಒಂದು ದಿನ ಏಳಲಿಲ್ಲ. ಮಾಡಿಟ್ಟದ್ದನ್ನು ತಿಂದು ಚೀಲ ಹಾಕಿಕೊಂಡು ಹೋಗುವವಳು. ಮಗನ ಕೈಯಲ್ಲಿ ನಾಲ್ಕು ಕಾಸು ಕೊಡಿಸಬೇಕಾದರೆ ಅವಳ ಮುಖ ನೋಡಬೇಕು. ಮನೆ ರಿಜಿಸ್ಟ್ರಿಗೆ ನಾಲ್ಕು ಬಳೆ ಕೊಟ್ಟಿದ್ದನ್ನು ಇಪ್ಪತ್ತು ಸಲ ಎತ್ತಿ ಆಡಿದ್ದಾಳೆ. ಅವಳ ಬಳೆಯಿಂದಲೇ ಈ ಗೋಡೆ ನಿಂತಿರುವುದೇನೋ ಅನ್ನುವ ಹಾಗೆ. ಮೊದಲ ಒಂದೆರಡು ಮಾತನ್ನು ಅವಳು ಹುಡುಕಿ ಆಡಿದ್ದಳು. ಉಳಿದವು ತಾವಾಗಿಯೇ ಬಂದವು. ಕಣ್ಣಲ್ಲಿ ನೀರೂ ಬಂತು.

"ಎಲ್ಲ ಮನೆಯಲ್ಲೂ ಇದೇ ಕತೆ ಮಾತಾಜೀ" ಎಂದು ತ್ಯಾಗಿ ಸಹಿ ಮಾಡಿಸಿಕೊಂಡು ಇಳಿದು ಹೋದ.

ಅವನ ಹೆಜ್ಜೆಯ ಸದ್ದು ಕೆಳಗೆ ನಿಂತ ಮೇಲೆ ಅಮೂಲ್ಯ ಒಳಗೆ ಬಂದಳು. ಕೈಯಲ್ಲಿ ಮಗುವಿನ ಜ್ವರದ ಔಷಧಿ. ಅರ್ಧ ದಿನ ರಜ ಕೇಳಿ ಬಂದಿದ್ದಳು. ಬಾಗಿಲಲ್ಲಿ ಅಪರಿಚಿತ ದನಿ ಕೇಳಿ ಒಳಗೆ ಬರುವ ಹಾಗಿಲ್ಲದೆ ಮೆಟ್ಟಿಲ ತಿರುವಿನಲ್ಲೇ ನಿಂತಿದ್ದಳು, ಕಾಲು ಗಂಟೆ. ತ್ಯಾಗಿ ಇಳಿಯುವಾಗ ಅವನಿಗೆ ದಾರಿ ಕೊಟ್ಟು ಗೋಡೆಗೆ ಒತ್ತಿಕೊಂಡಿದ್ದಳು.

"ಯಾವಾಗ ಬಂದೆ?" ಎಂದಳು ಶಾರದಾ.

"ನೀರು ಹಿಡಿಯೋ ವಿಷಯ ಹೇಳ್ತಿದ್ರಲ್ಲ, ಆವಾಗ."

"ಅದು ಅವನಿಗೆ ನಂಬಿಕೆ ಬರಲಿ ಅಂತ ಅಮೂಲ್ಯ. ನಾಟಕ ಅದು."

"ಹಾಂ, ನಾಟಕ" ಎಂದಳು ಅಮೂಲ್ಯ. ಔಷಧಿಯ ಮುಚ್ಚಳ ತಿರುಗಿಸಿ ಚಮಚಕ್ಕೆ ಹಾಕಿ ಮಗುವಿಗೆ ಕುಡಿಸಿದಳು. "ನಾಟಕ ಅಂದ್ರೆ ಸುಳ್ಳಿರಬೇಕಲ್ಲ ಅತ್ತೆ? ಬಳೆ ಮಾತು ಸುಳ್ಳಾ? ಹೇಳಿದೀನಿ ನಾನು. ಇಪ್ಪತ್ತು ಸಲ ಅಲ್ಲ, ಎರಡು ಸಲ. ನೀವು ಎಣಿಸಿದ್ದು ಜಾಸ್ತಿ ಆಯ್ತು."

"ಕೂತ್ಕೊ, ಊಟ ಮಾಡ್ಕೊಂಡು ಹೋಗು."

"ಅಲ್ಲಿ ಮಾಡಿಟ್ಟಿದೀನಿ." ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲಿಳಿದಳು. ಶಾರದಾ ಬಾಲ್ಕನಿಗೆ ಓಡಿ ಬಂದು ನೋಡುವಾಗ ರಿಕ್ಷಾ ಆಗಲೇ ತಿರುವು ದಾಟಿತ್ತು.

ಆಗಸ್ಟ್ ಮೊದಲ ವಾರ ಮಂಜೂರಾತಿ ಪತ್ರ ಬಂತು. ಕಂತು ಮೂರು ಸಾವಿರದ ಇನ್ನೂರಕ್ಕೆ ಇಳಿದಿತ್ತು. ದಕ್ಷಿಣಾಮೂರ್ತಿ ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು; ಅವರಿಗೆ ಕೊನೆಯ ಸಾಲುಗಳನ್ನೇ ಮೊದಲು ಓದುವ ಅಭ್ಯಾಸ. "ಶಾರದಾ, ಇಲ್ಲಿ ನೋಡು. ರಿಯಾಯಿತಿ ಇರೋ ಮೂರು ವರ್ಷವೂ ಯಾವಾಗ ಬೇಕಾದರೂ ಬಂದು ನೋಡ್ತಾರಂತೆ. ನೆರೆಹೊರೆಯವರನ್ನೂ ಕೇಳ್ತಾರಂತೆ."

"ಒಂದು ಸಲ ಅಂದಿದ್ರಲ್ಲ?"

"ಕೇಶವಮೂರ್ತಿ ಅಂದಿದ್ದು. ಪತ್ರದಲ್ಲಿ ಹೀಗಿದೆ."

ಭಾನುವಾರ ಚರಣ್ ಒಬ್ಬನೇ ಬಂದ. ಶಾರದಾ ಅವನಿಗೆಂದು ಬಿಸಿಬೇಳೆಬಾತು ಮಾಡಿದ್ದಳು. ಉಣ್ಣುತ್ತಲೇ ಪತ್ರ ಓದಿದ.

"ಹಾಗಾದ್ರೆ ನಾವು ವಾಪಸ್ ಬರೋ ಹಾಗಿಲ್ಲ."

"ಸಾಮಾನು ಅಲ್ಲೇ ಇರಲಿ, ನೀವು ರಾತ್ರಿ ಬಂದು ಮಲಗಿ" ಎಂದಳು ಶಾರದಾ.

"ಕಳ್ಳರ ಹಾಗಾ? ಅಮೂಲ್ಯ ಬರಲ್ಲಮ್ಮ. ನಾನೂ ಕೇಳಲ್ಲ ಅವಳನ್ನ."

"ನಾನು ಅಂದಿದ್ದನ್ನ ಇನ್ನೂ ಹಿಡ್ಕೊಂಡಿದಾಳಾ? ನಿಮಗೋಸ್ಕರ ಅಲ್ವಾ ನಾನು..."

"ನಮಗೋಸ್ಕರ ಅಲ್ಲ, ಮನೆಗೋಸ್ಕರ" ಎಂದ ಚರಣ್, ತಟ್ಟೆಯಿಂದ ತಲೆಯೆತ್ತದೆ. "ಅಪ್ಪ, ತಿಂಗಳಿಗೆ ಎರಡು ಸಾವಿರ ಕೊಡ್ತೀನಿ. ಬಾಡಿಗೆ, ಟ್ಯಾಂಕರ್ ನೀರು, ಕರೆಂಟು ಎಲ್ಲ ಇದೆ. ಅದಕ್ಕಿಂತ ಆಗಲ್ಲ."

ದಕ್ಷಿಣಾಮೂರ್ತಿ ಆಗಲಿ ಎಂದರು. ಮಗ ಹೋದ ಮೇಲೆ ಹಳೆಯ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿ ಹೆಂಡತಿಗೆ ತೋರಿಸಿದರು. ಕಂತಿನಲ್ಲಿ ಉಳಿದದ್ದು ಸಾವಿರದ ಏಳುನೂರು. ಮಗನಿಂದ ಕಡಿಮೆಯಾದದ್ದು ಎರಡೂವರೆ ಸಾವಿರ. ಶಾರದಾ ಅದನ್ನು ಎರಡು ಸಲ ನೋಡಿ, "ತಿನ್ನೋ ಬಾಯಿ ಮೂರು ಕಡಿಮೆ ಆಯ್ತಲ್ಲ" ಎಂದಳು. ಹೇಳಿದ ಮೇಲೆ ಆ ಮಾತು ಕೇಳಿ ಅವಳಿಗೇ ಹೇಗೋ ಆಯಿತು. ಎದ್ದು ಪಾತ್ರೆ ತೊಳೆಯಲು ಹೋದಳು.

ಆಗಸ್ಟಿನಲ್ಲಿ ಎರಡು ಸಾವಿರ ಬಂತು, ಸೆಪ್ಟೆಂಬರಿನಲ್ಲಿ ಸಾವಿರ. ಅಕ್ಟೋಬರಿನಲ್ಲಿ ಸಾತ್ವಿಕ್‌ನ ಶಾಲೆಯ ಫಾರಮಿಗೆ, ಸ್ವೆಟರಿಗೆ ಆಯಿತೆಂದು ಚರಣ್ ಫೋನಿನಲ್ಲಿ ಹೇಳಿದ. ಬೇಳೆಯ ಬೆಲೆ ಏರಿತ್ತು. ಶಾರದಾ ಹುಳಿಯನ್ನು ತೆಳ್ಳಗೆ ಮಾಡಿದಳು, ಹಾಲನ್ನು ಅರ್ಧ ಲೀಟರಿಗೆ ಇಳಿಸಿದಳು. ದಕ್ಷಿಣಾಮೂರ್ತಿ ಒಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ ಮೆಟ್ರೋ ಹತ್ತಿ ಬ್ಯಾಂಕಿಗೆ ಹೋದರು.

"ಕೇಶವಮೂರ್ತಿಗಳೇ, ಈ ರಿಯಾಯಿತಿ ನನಗೆ ಬೇಡ. ಹಿಂದಿನ ಹಾಗೇ ಮಾಡಿಬಿಡಿ. ಮಗ ಮನೆಗೆ ಬರಲಿ."

ಕೇಶವಮೂರ್ತಿ ಸುತ್ತ ನೋಡಿ ದನಿ ತಗ್ಗಿಸಿದರು. "ಏನು ಸಾರ್ ನೀವು? ಐದು ತಿಂಗಳ ಹಿಂದೆ ಮಗ ಹತ್ತಿರ ಸೇರಿಸಲ್ಲ ಅಂತ ಪ್ರಮಾಣ ಮಾಡಿ ಕೊಟ್ಟಿದೀರಿ. ಈಗ ಇದ್ದಾನೆ ಅಂದ್ರೆ ಅದು ಸುಳ್ಳು ಅಫಿಡವಿಟ್ ಆಗತ್ತೆ. ರಿಯಾಯಿತಿ ಪೂರ್ತಿ ದಂಡದ ಜೊತೆ ವಾಪಸ್ ಕಟ್ಟಬೇಕು, ಸಾಲವನ್ನೇ ಒಂದೇ ಸಲ ಕಟ್ಟಿ ಅನ್ನಲೂಬಹುದು. ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ, ಈ ಮಾತು ಇನ್ನೊಬ್ಬರ ಹತ್ತಿರ ಆಡಬೇಡಿ."

ಮನೆಗೆ ಬಂದು ದಕ್ಷಿಣಾಮೂರ್ತಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು. ಶಾರದಾ ನೀರು ತಂದುಕೊಟ್ಟಳು.

"ನಾನು ಆವತ್ತೇ ಬೇಡ ಅಂದೆ."

"ಅಂದ್ರಿ."

"ಅಷ್ಟೇ ಹೇಳೋದು ನಾನು."

"ಹೇಳಿ. ದಿನಾ ಹೇಳಿ. ನಾನು ಇಲ್ಲ ಅಂದ್ನಾ?" ಎಂದಳು ಅವಳು. ಮರುವಾರದಿಂದ ದಕ್ಷಿಣಾಮೂರ್ತಿ ಮಾರ್ಕೆಟ್ಟಿನ ಸ್ಟೇಷನರಿ ಅಂಗಡಿಯೊಂದರಲ್ಲಿ ದಿನಕ್ಕೆ ನಾಲ್ಕು ಗಂಟೆ ಕೂತು ಬಿಲ್ಲು ಬರೆಯತೊಡಗಿದರು. ತಿಂಗಳಿಗೆ ಸಾವಿರದ ಇನ್ನೂರು. ಬ್ಯಾಂಕಿಗೆ ಗೊತ್ತಾಗಬಾರದೆಂದು ಹೆಸರು ಎಲ್ಲೂ ಬರೆಯದ ಹಾಗೆ ಮಾಲೀಕನನ್ನು ಕೇಳಿಕೊಂಡಿದ್ದರು.

ದೀಪಾವಳಿಗೆ ಮಗ ಸೊಸೆ ಬರುತ್ತಾರೆಂದು ಶಾರದಾ ಎರಡು ದಿನದಿಂದ ತಯಾರಿ ನಡೆಸಿದಳು. ತೊಗರಿಬೇಳೆ ತುಟ್ಟಿ ಎಂದು ಕಡಲೆಬೇಳೆಯಲ್ಲೇ ಹೋಳಿಗೆ ಮಾಡಿದಳು. ಅವರು ಮಧ್ಯಾಹ್ನ ಒಂದಕ್ಕೆ ಬಂದರು. ಚರಣ್ ಹೊಸ ಅಂಗಿ ಹಾಕಿದ್ದ. ಅಮೂಲ್ಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅತ್ತೆಮಾವನಿಗೆ ನಮಸ್ಕಾರ ಮಾಡಿ, ಸೋನ್ ಪಾಪ್ಡಿಯ ಡಬ್ಬಿಯೊಂದನ್ನು ಟೀಪಾಯಿಯ ಮೇಲಿಟ್ಟು ಸೋಫಾದ ತುದಿಯಲ್ಲಿ ಕೂತಳು. ದಿಲ್ಲಿಯಲ್ಲಿ ಹಬ್ಬಕ್ಕೆ ಆಫೀಸಿನವರ ಮನೆಗೆ, ದೂರದ ನೆಂಟರ ಮನೆಗೆ ಒಯ್ಯುವಂಥ ಡಬ್ಬಿ.

ಶಾರದಾ ಅಡುಗೆಮನೆಯಲ್ಲಿ ಹಪ್ಪಳ ಕರಿಯುತ್ತ, ಸೊಸೆ ಈಗ ಬರುತ್ತಾಳೆ, ಎಲೆ ಹಾಕಲೋ ತಟ್ಟೆ ತೊಳೆಯಲೋ ಬರುತ್ತಾಳೆ ಎಂದು ಕಾದಳು. ಸ್ವಲ್ಪ ಹೊತ್ತಿಗೆ ಅಮೂಲ್ಯ ಬಾಗಿಲಿಗೆ ಬಂದು ನಿಂತಳು. ಹೊಸಿಲು ದಾಟಲಿಲ್ಲ.

"ಅತ್ತೆ, ಸಾತ್ವಿಕ್‌ಗೆ ಕುಡಿಯೋಕೆ ನೀರು ಬೇಕಿತ್ತು. ತಗೊಳ್ಳಲಾ?"

ಮೂರು ವರ್ಷ ಈ ಅಡುಗೆಮನೆಯಲ್ಲಿ ಬೆಂದವಳು ನೀರಿಗೆ ಕೇಳುತ್ತಿದ್ದಳು. ಮಾತಿನಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ಅದಿದ್ದಿದ್ದರೆ ಶಾರದಾ ಏನಾದರೂ ತಿರುಗಿ ಹೇಳುತ್ತಿದ್ದಳು. "ತಗೊಳ್ಳಮ್ಮ, ಫ್ರಿಜ್ಜಲ್ಲಿದೆ" ಎಂದಳು.

ಊಟವಾದ ಮೇಲೆ ಚರಣ್ ವಿಷಯ ತೆಗೆದ. ಕಂಪನಿಯವರು ಫರೀದಾಬಾದಿನ ಗೋದಾಮಿಗೆ ಹಾಕಿದ್ದಾರೆ. ಹನ್ನೊಂದು ಸಾವಿರ ಸಂಬಳ. ಅಲ್ಲೇ ಎರಡು ಕೋಣೆಯ ಬಾಡಿಗೆ ಮನೆ ನೋಡಿದ್ದಾನೆ. ಒಂದನೇ ತಾರೀಕು ಹೊರಡುವುದು.

"ಫರೀದಾಬಾದಾ? ಹೋಗಿಬರೋಕೆ ಅರ್ಧ ದಿನ ಬೇಕಲ್ಲೋ" ಎಂದಳು ಶಾರದಾ.

"ಅದಕ್ಕೇ ಅಮ್ಮ, ವಾರ ವಾರ ಬರೋಕಾಗಲ್ಲ. ತಿಂಗಳು ತಿಂಗಳು ಏನಾದರೂ ಕಳಿಸ್ತೀನಿ. ಅಪ್ಪನ ಅಕೌಂಟಿಗೆ ಹಾಕಿಬಿಡ್ತೀನಿ."

"ಅಕೌಂಟಿಗೆ ಹಾಕಬೇಡ" ಎಂದರು ದಕ್ಷಿಣಾಮೂರ್ತಿ ತಟ್ಟನೆ. "ಪಾಸ್‌ಬುಕ್ ನೋಡ್ತಾರೆ. ಮನಿಯಾರ್ಡರೂ ಬೇಡ, ಪೋಸ್ಟ್‌ಮನ್‌ನ ಕೇಳಿದರೆ ಹೇಳ್ತಾನೆ. ಬಂದಾಗ ಕೈಯಲ್ಲಿ ಕೊಡು."

"ಬಂದಾಗ" ಎಂದ ಚರಣ್.

ಹೊರಡುವಾಗ ಅವನು ಅಮ್ಮನ ಕೈಗೆ ಐನೂರರ ಒಂದು ನೋಟು ಇಟ್ಟ. ಅಮೂಲ್ಯ ಮಗುವಿನ ಬೂಟು ಕಟ್ಟಿದಳು. ಶಾರದಾ ಹೋಳಿಗೆಯ ಡಬ್ಬಿ ಕೊಟ್ಟು, "ಅಲ್ಲಿ ತಲುಪಿದ ಮೇಲೆ ಫೋನ್ ಮಾಡಮ್ಮ" ಎಂದಳು. "ಮಾಡ್ತೀನಿ ಅತ್ತೆ. ಡಬ್ಬಿ ವಾಪಸ್ ಕಳಿಸ್ತೀನಿ" ಎಂದಳು ಅಮೂಲ್ಯ.

"ಡಬ್ಬಿ ಯಾರಿಗೆ ಬೇಕು" ಎನ್ನಬೇಕೆಂದುಕೊಂಡಳು ಶಾರದಾ. ಅಷ್ಟರಲ್ಲಿ ಅವರು ಇಳಿಯತೊಡಗಿದ್ದರು. ಕೆಳಗಿನವರೆಗೂ ಹೋಗಿ ಆಟೋ ಹತ್ತಿಸಿದಳು. ಸಾತ್ವಿಕ್ ಕೈ ಬೀಸಿದ. ಆಟೋ ಪಾರ್ಕಿನ ಮೂಲೆ ತಿರುಗುವವರೆಗೂ ನಿಂತಿದ್ದು, ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತತೊಡಗಿದಳು.

ಮೊದಲ ಮಹಡಿಗೆ ಆ ತಿಂಗಳಷ್ಟೇ ಬಾಡಿಗೆಗೆ ಬಂದಿದ್ದ ಹುಡುಗಿಯೊಬ್ಬಳು ಬಾಗಿಲ ಮುಂದೆ ರಂಗೋಲಿಗೆ ಬಣ್ಣ ತುಂಬುತ್ತಿದ್ದಳು. ಹೊಸದಾಗಿ ಮದುವೆಯಾದವಳು, ಕೈತುಂಬ ಕೆಂಪು ಬಳೆ. ತಲೆಯೆತ್ತಿ ನಕ್ಕಳು.

"ಹ್ಯಾಪಿ ದಿವಾಲಿ ಆಂಟೀಜೀ. ಮೆಹಮಾನ್ ಆಯೇ ಥೇ ಕ್ಯಾ?"

ನೆಂಟರು ಬಂದಿದ್ದರಾ ಎಂದು ಕೇಳುತ್ತಿದ್ದಳು. ಶಾರದಾ ಕಟಾಂಜನ ಹಿಡಿದು ಒಂದು ಕ್ಷಣ ನಿಂತಳು. ನಾಳೆ ತ್ಯಾಗಿ ಬಂದರೆ ಮೊದಲು ತಟ್ಟುವ ಬಾಗಿಲು ಇದೇ.

"ಹಾಂ ಬೇಟೀ" ಎಂದಳು. "ಮೆಹಮಾನ್ ಥೇ. ನಮ್ಮ ಊರಿನ ಕಡೆಯವರು."